ಪಂಪಿಗೆ ಬಿದ್ದ ಬರೆ

ಪುನರ್ವಸು ಮಳೆ ಹಿಡಿದು ಆರನೇ ದಿನ. ಜಾವಳಿಯ ನಮ್ಮ ಮನೆಯ ಕಣದ ಪಕ್ಕದ ಶೆಡ್ಡಿನಲ್ಲಿ 2007ರ ಡೀಸೆಲ್ ಪಿಕಪ್ ಬಾನೆಟ್ ತೆರೆದುಕೊಂಡು ನಿಂತಿತ್ತು. ಕೊಯ್ಲಿನಲ್ಲಿ ಕಾಫಿ ಹಣ್ಣು ಪಲ್ಪರಿಗೆ, ಮೂಟೆ ಕ್ಯೂರಿಂಗಿಗೆ, ಮಳೆಗಾಲದಲ್ಲಿ ಗೊಬ್ಬರ, ಆಳುಗಳು, ಕೂಲಿಯವರ ಲೈನ್ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೂಡಿಗೆರೆ ಆಸ್ಪತ್ರೆ, ಎಲ್ಲಕ್ಕೂ ಅದೊಂದೇ. ಎರಡು ತಿಂಗಳಿಂದ ಅದಕ್ಕೊಂದು ಕಾಯಿಲೆ. ಬೆಳಿಗ್ಗೆ ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಹಿಡಿದ ದಿನ ಕೊಟ್ಟಿಗೆಹಾರದ ಏರಿನಲ್ಲೆಲ್ಲೋ ನಿಂತುಬಿಡುತ್ತದೆ. ಹತ್ತು ನಿಮಿಷ ಸುಮ್ಮನೆ ಕೂತರೆ ಏನೂ ಆಗಿಲ್ಲವೆಂಬ ಹಾಗೆ ಹೊರಡುತ್ತದೆ. ಒಂದು ಗ್ಯಾರೇಜಿನವರು ಡೀಸೆಲ್ ಪಂಪಿನದೇ ದೋಷ ಎಂದು ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ನಿಗೆ ಕಳಿಸಿದರು. ಹದಿನೆಂಟು ಸಾವಿರ ರೂಪಾಯಿ ಆಯಿತು. ಹದಿನೈದು ದಿನ ಗಾಡಿ ಸರಿಯಾಗಿ ಓಡಿತು. ಹದಿನಾರನೆಯ ದಿನ ಬಾಳೂರಿನ ಹತ್ತಿರ ಮತ್ತೆ ನಿಂತಿತು.

ಕೊನೆಗೆ ಇಬ್ಬರನ್ನು ಕರೆಸಿದೆ. ಒಬ್ಬರು ನಲವತ್ತು ವರ್ಷ ಜೀಪು, ಲಾರಿ ಬಿಚ್ಚಿ ಕಟ್ಟಿದ ಮೇಸ್ತ್ರಿ. ಕಣ್ಣು ಮಂಜಾಗಿದೆ, ಕಿವಿ ಇನ್ನೂ ಚುರುಕು. ಇನ್ನೊಬ್ಬ ಐಟಿಐ ಮುಗಿಸಿ, ಬೆಂಗಳೂರಿನ ಸರ್ವಿಸ್ ಸ್ಟೇಷನ್ನಿನಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬಂದ ಹುಡುಗ. ನಾನು ಟಾರ್ಚ್ ಹಿಡಿದು ನಿಂತೆ.

ಮೇಸ್ತ್ರಿ: ಮೊದ್ಲು ಗಾಡಿ ಓಡಿಸೋರನ್ನ ಕೇಳು ಮಗಾ. ಏರಲ್ಲಿ ನಿಂತಾಗ ಹೆಂಗೆ ನಿಂತಿತು? ಜಗ್ಗಿ ಜಗ್ಗಿ ನಿಂತಿತಾ, ಕೀ ತೆಗೆದಂಗೆ ಟಪ್ ಅಂತ ನಿಂತಿತಾ?

ಕೀ ತೆಗೆದ ಹಾಗೆ ಎಂದೆ.

ಮೇಸ್ತ್ರಿ: ಹಂಗಾದ್ರೆ ಅರ್ಧ ಕೆಲಸ ಮುಗೀತು. ಫಿಲ್ಟರ್ ಕಟ್ಟಿದ್ರೆ, ಲೈನಲ್ಲಿ ಏರ್ ಹಿಡಿದಿದ್ರೆ, ಇಂಜಿನ್ ನಿಲ್ಲೋಕೆ ಹೊತ್ತು ತಗೊಳ್ಳುತ್ತೆ. ಎಳೆತ ಕಮ್ಮಿಯಾಗುತ್ತೆ, ಗೇರ್ ಇಳಿಸ್ಬೇಕಾಗುತ್ತೆ, ಮುಕ್ಕರಿಸುತ್ತೆ, ಆಮೇಲೆ ನಿಲ್ಲುತ್ತೆ. ಇದು ಟಪ್ ಅಂದಿದೆ. ಕರೆಂಟಿಂದು.

ಹುಡುಗ: ನನಗೂ ಹಂಗೇ ಅನ್ಸುತ್ತೆ ಮೇಸ್ತ್ರಿ. ಆದ್ರೆ ಅಷ್ಟಕ್ಕೇ ವೈರ್ ಕೀಳೋಕೆ ಕೂರೋದು ಬೇಡ. ಆ ಗ್ಯಾರೇಜಿನವ್ರೂ ಒಂದೇ ಮಾತಿಗೆ ಪಂಪು ಅಂತ ತೀರ್ಮಾನ ಮಾಡಿದ್ರು. ನಾವೂ ಒಂದೇ ಮಾತಿಗೆ ಕರೆಂಟು ಅಂದ್ರೆ, ಅವ್ರಿಗೂ ನಮಗೂ ವ್ಯತ್ಯಾಸ ಎಂತ? ಎರಡೂ ಊಹೆನೇ.

ಮೇಸ್ತ್ರಿ: ಊಹೆ ಅಂತೀಯಲ್ಲ ಮಾರಾಯ. ಚಾರ್ಮಾಡಿಲಿ ನಿಂತ ಎಷ್ಟು ಗಾಡಿ ನೋಡಿದೀನಿ ಗೊತ್ತಾ?

ಹುಡುಗ: ಎಲ್ಲಿ ನೋಡ್ಬೇಕು ಅಂತ ನಿಮ್ಮ ಅನುಭವ ಹೇಳುತ್ತೆ, ಒಪ್ತೀನಿ. ಅಲ್ಲೇ ಇದೆ ಅಂತ ಖಾತ್ರಿ ಮಾಡೋಕೆ ಅಳೀಬೇಕು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಡ, ಸ್ಪಾರ್ಕ್ ಪ್ಲಗ್ ಬೇಡ. ಗಾಳಿಯನ್ನು ಒತ್ತಿ ಕಾಯಿಸಿ, ಅದರೊಳಕ್ಕೆ ಡೀಸೆಲ್ ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾದರೆ ಕರೆಂಟಿಗೂ ಡೀಸೆಲ್ ಪಂಪಿಗೂ ಎಲ್ಲಿಯ ನಂಟು? ಪಂಪಿನ ಹಿಂಭಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ಟಾಪ್ ಸೊಲೆನಾಯ್ಡ್ ಕೂತಿದೆ. ಕೀ ತಿರುಗಿಸಿದಾಗ ಅದಕ್ಕೆ 12 ವೋಲ್ಟ್ ಹೋಗುತ್ತದೆ, ಒಳಗಿನ ಮೊಳೆ ಹಿಂದೆ ಸರಿದು ಡೀಸೆಲಿಗೆ ದಾರಿ ಬಿಡುತ್ತದೆ. ಕೀ ತೆಗೆದರೆ ಸ್ಪ್ರಿಂಗು ಮೊಳೆಯನ್ನು ಒತ್ತಿ ದಾರಿ ಮುಚ್ಚುತ್ತದೆ. ಈ ಹೆಬ್ಬೆರಳಿಗೆ ಕರೆಂಟು ತಪ್ಪಿದರೆ ಎಷ್ಟೇ ಒಳ್ಳೆಯ ಪಂಪೂ ಸತ್ತ ಪಂಪಿನ ಹಾಗೇ ಕಾಣುತ್ತದೆ. ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬೀಳುವುದು ಇಲ್ಲೇ.

ಹುಡುಗ: ನಾನು ಸೆಲ್ಫ್ ಹೊಡೀತೀನಿ. ನೀವು ಸೈಲೆನ್ಸರ್ ಬಾಯಿ ನೋಡಿ.

ಮೇಸ್ತ್ರಿ: ಹೊಡಿ. ... ಹೊಗೆ ಇಲ್ಲ. ಒಂದೆಳೆನೂ ಇಲ್ಲ. ಬಿಳಿ ಹೊಗೆ ಬಂದಿದ್ರೆ ಡೀಸೆಲ್ ಒಳಗೆ ಹೋಗಿ ಉರೀತಿಲ್ಲ ಅಂತ ಲೆಕ್ಕ. ಇಲ್ಲಿ ಡೀಸೆಲ್ಲೇ ಹೋಗ್ತಿಲ್ಲ. ಇಂಜೆಕ್ಟರ್ ಪೈಪಿನ ನಟ್ಟು ಸ್ವಲ್ಪ ಸಡಿಲಿಸು, ಬೆರಳಿಟ್ಟು ನೋಡ್ತೀನಿ.

ಹುಡುಗ: ಬೆರಳು ಮಾತ್ರ ಬೇಡ! ಟೈರಲ್ಲಿ ಎರಡು ಮೂರು ಬಾರ್ ಒತ್ತಡ ಇರುತ್ತೆ. ಇಂಥ ಹಳೇ ಇಂಜೆಕ್ಟರ್ ಬಾಯಿ ತೆರೆಯೋದೇ ಸುಮಾರು 200 ಬಾರ್‌ಗೆ. ಚರ್ಮ ತೂತು ಮಾಡ್ಕೊಂಡು ಡೀಸೆಲ್ ಒಳಗೆ ಹೋಗುತ್ತೆ. ಮೇಲೆ ಸೂಜಿ ಚುಚ್ಚಿದ ಗುರುತಷ್ಟೇ ಕಾಣುತ್ತೆ, ಒಳಗೆ ಮಾಂಸ ಕೊಳೆಯುತ್ತೆ. ಬೆರಳು ಕಳ್ಕೊಂಡವರಿದ್ದಾರೆ.

ಮೇಸ್ತ್ರಿ: ನಮ್ಮ ಕಾಲದಲ್ಲಿ ಎಲ್ಲಾ ಬೆರಳಲ್ಲೇ ನೋಡ್ತಿದ್ದಿದ್ದು.

ಹುಡುಗ: ನಿಮ್ಮ ಹತ್ತೂ ಬೆರಳು ಉಳಿದಿದ್ದು ನಮ್ಮ ಪುಣ್ಯ ಮೇಸ್ತ್ರಿ. ಇದರಲ್ಲಿ ನೀವು ಹೇಳಿದ್ದು ಕೇಳಲ್ಲ ನಾನು.

ಮೇಸ್ತ್ರಿ ಕೈ ಹಿಂದೆ ತೆಗೆದರು. ಹುಡುಗ ನಟ್ಟಿನ ಸುತ್ತ ದಪ್ಪ ಬಟ್ಟೆ ಸುತ್ತಿ, ದೂರ ನಿಂತು ನನಗೆ ಕೀ ತಿರುಗಿಸಲು ಹೇಳಿದ. ಬಟ್ಟೆ ಒಣಗಿಯೇ ಇತ್ತು. ಪಂಪಿನಿಂದ ಡೀಸೆಲ್ ಬರುತ್ತಿಲ್ಲ ಎಂಬುದು ಖಾತ್ರಿಯಾಯಿತು. ಯಾಕೆ ಬರುತ್ತಿಲ್ಲ ಎಂಬುದೇ ಮುಂದಿನ ಪ್ರಶ್ನೆ. ಆ ಗ್ಯಾರೇಜಿನವರು ಬಹುಶಃ ಇಷ್ಟರವರೆಗೆ ಬಂದು, ಮುಂದಿನ ಹೆಜ್ಜೆ ಇಡದೆ ಸ್ಪ್ಯಾನರ್ ಎತ್ತಿಕೊಂಡಿರಬೇಕು.

ಮೇಸ್ತ್ರಿ: ಹಳೇ ಜೀಪಲ್ಲಿ ಈ ರಗಳೆನೇ ಇರ್ಲಿಲ್ಲ. ಡ್ಯಾಶ್ ಬೋರ್ಡಿನ ಕೆಳಗೆ ಒಂದು ಕೇಬಲ್, ಎಳೆದ್ರೆ ಇಂಜಿನ್ ಆಫ್. ಬ್ಯಾಟರಿ ಸತ್ತಿರ್ಲಿ, ವೈರೆಲ್ಲಾ ಇಲಿ ತಿಂದಿರ್ಲಿ, ಇಳಿಜಾರಲ್ಲಿ ಬಿಟ್ಟು ಗೇರ್ ಹಾಕಿದ್ರೆ ಗಾಡಿ ಓಡ್ತಿತ್ತು. ಅದಕ್ಕೇ ನಮ್ಮ ಕಡೆ ಎಲ್ಲರೂ ಗಾಡಿನ ಇಳಿಜಾರಿಗೆ ಮುಖ ಮಾಡಿ ನಿಲ್ಸೋದು. ಮೈಕೋ ಪಂಪು ಅಂದ್ರೆ ಜನ್ಮಕ್ಕೆ ಒಂದು.

ಹುಡುಗ: ಮೈಕೋ ಅಂದ್ರೆ ಈಗಿನ ಬಾಷ್ ಅಲ್ವಾ?

ಮೇಸ್ತ್ರಿ: ಅದೇ. ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಶುರುವಾಗಿದ್ದು. ಬೆಂಗಳೂರು ಆಡುಗೋಡಿಲಿ ಕಾರ್ಖಾನೆ. 2008ರಲ್ಲಿ ಬಾಷ್ ಅಂತ ಹೆಸರು ಬದಲಾಯ್ತು. ನಮ್ಮ ಬಾಯಲ್ಲಿ ಇನ್ನೂ ಮೈಕೋನೇ. ಅದರ ಒಳಗಿನ ಪ್ಲಂಜರ್ ಕೈಯಲ್ಲಿ ಹಿಡಿದಿದೀಯಾ? ಕನ್ನಡಿ ಹಂಗೆ ಹೊಳೆಯುತ್ತೆ. ಡೀಸೆಲಲ್ಲಿ ಅದ್ದಿ ಬ್ಯಾರಲ್ಲಿಗೆ ಬಿಟ್ರೆ ತನ್ನ ಭಾರಕ್ಕೆ ತಾನೇ ನಿಧಾನಕ್ಕೆ ಇಳಿಯುತ್ತೆ. ಅಷ್ಟು ನಯ.

ಹುಡುಗ: ಎರಡರ ಮಧ್ಯೆ ಇರೋ ಜಾಗ ಕೆಲವೇ ಮೈಕ್ರಾನ್. ತಲೆಕೂದಲು ಎಪ್ಪತ್ತು ಮೈಕ್ರಾನ್ ಆಸುಪಾಸು. ಅದಕ್ಕೇ ಹೇಳೋದು, ಕಾರಣ ಗೊತ್ತಿಲ್ದೆ ಪಂಪ್ ಬಿಚ್ಬಾರ್ದು ಅಂತ. ಬಿಚ್ಚಿದ ಜಾಗದ ಒಂದು ಧೂಳಿನ ಕಣ ಸಾಕು, ಇಲ್ದಿರೋ ಕಾಯಿಲೆ ನಾವೇ ಕೊಟ್ಟಂಗಾಗುತ್ತೆ.

ಮೇಸ್ತ್ರಿ: ಈ ಮಾತಿಗೆ ನನ್ನ ತಕರಾರಿಲ್ಲ.

ಮುಂದೆ ಸೊಲೆನಾಯ್ಡ್. ಕೀ ಆನ್ ಮಾಡಿದಾಗ ಅದು ಟಿಕ್ ಎನ್ನಬೇಕು. ತಗಡಿನ ಮೇಲೆ ಸುರಿಯುವ ಮಳೆಯಲ್ಲಿ ಟಿಕ್ ಎಲ್ಲಿ ಕೇಳುತ್ತದೆ? ಮೇಸ್ತ್ರಿ ಅದರ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಕೀ ತಿರುಗಿಸಿದೆ. ತಲೆ ಅಲ್ಲಾಡಿಸಿದರು. ಮತ್ತೆ ತಿರುಗಿಸಿದೆ. ಮೂರನೆಯ ಸಲಕ್ಕೆ, ‘ಏನೋ ಮಿಡುಕಿತು, ಎಳೆಯೋಕೆ ಶಕ್ತಿ ಸಾಲ್ತಿಲ್ಲ’ ಎಂದರು. ಹುಡುಗ ವೈರ್ ಬಿಚ್ಚಿ, ಅದರ ತುದಿಗೆ ಮೀಟರ್ ಹಿಡಿದ.

ಹುಡುಗ: ಬ್ಯಾಟರಿಲಿ 12.5 ಇದೆ. ಇಲ್ಲಿ 12.4. ಕರೆಂಟ್ ಸರಿಯಾಗೇ ಬರ್ತಿದೆ ಮೇಸ್ತ್ರಿ. ಸೊಲೆನಾಯ್ಡೇ ಹೋಗಿರ್ಬೇಕು.

ಮೇಸ್ತ್ರಿ: ಇರು, ಇರು. ಈಗ ಊಹೆ ಮಾಡ್ತಿರೋದು ಯಾರು?

ಹುಡುಗ: ಮೀಟರ್ ತೋರಿಸ್ತಿದೆಯಲ್ಲ!

ಮೇಸ್ತ್ರಿ: ನನ್ನ ಹತ್ರಾನೂ ಒಂದು ಮೀಟರ್ ಇದೆ.

ಜೇಬಿನಿಂದ ತೆಗೆದದ್ದು ಬ್ರೇಕ್ ಲೈಟಿನ ಹಳೇ ಬಲ್ಬು. ಎರಡು ತುಂಡು ವೈರು ಬೆಸೆದು, ಒಂದು ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ದಬ್ಬಣ. ಕ್ಲಿಪ್ಪನ್ನು ಇಂಜಿನ್ನಿಗೆ ಕಚ್ಚಿಸಿ, ದಬ್ಬಣವನ್ನು ಅದೇ ವೈರಿಗೆ ತಾಗಿಸಿದರು. ಬಲ್ಬು ಬೂದಿಯೊಳಗಿನ ಕೆಂಡದ ಹಾಗೆ ಕೆಂಪಗೆ ಮಿಣುಕಿತು, ಅಷ್ಟೇ. ಅದೇ ದಬ್ಬಣವನ್ನು ಬ್ಯಾಟರಿಗೆ ತಾಗಿಸಿದರೆ ಶೆಡ್ಡಿನ ಮೂಲೆಯವರೆಗೂ ಬೆಳಕು.

ಮೇಸ್ತ್ರಿ: ನಿನ್ನ ಮೀಟರ್ ಕರೆಂಟನ್ನ ಬರೀ ಮೂಸಿ ನೋಡುತ್ತೆ. ಕುಡಿಯಲ್ಲ. ವೈರಲ್ಲಿ ಒಂದೇ ಒಂದು ಎಳೆ ಉಳಿದಿದ್ರೂ ಅದು 12 ಅನ್ನುತ್ತೆ. ನನ್ನ ಬಲ್ಬು ಕುಡಿಯುತ್ತೆ. ಕುಡಿಯೋಕೆ ಹೋದಾಗ್ಲೇ ಗೊತ್ತಾಗೋದು ಬಾವೀಲಿ ನೀರಿದೆಯಾ ಇಲ್ವಾ ಅಂತ.

ಹುಡುಗ: ಒಪ್ಪಿದೆ ಮೇಸ್ತ್ರಿ. ಲೋಡ್ ಹಾಕದೆ ಅಳೀಬಾರ್ದು ಅಂತ ನನಗೂ ಕಲಿಸಿದ್ರು, ಮರೆತೆ. ಬಲ್ಬು ಹಂಗೇ ಇರ್ಲಿ, ತೆಗೀಬೇಡಿ. ಬಲ್ಬು ಉರೀತಿರೋವಾಗ್ಲೇ ಮೀಟರ್ ಇಡ್ತೀನಿ. ... ನೋಡಿ, 12.4 ಇದ್ದಿದ್ದು 5.9ಕ್ಕೆ ಇಳೀತು. ಈಗ ಹಿಂದಕ್ಕೆ ಹೋಗ್ತೀನಿ. ಫ್ಯೂಸ್ ಬಾಕ್ಸಲ್ಲಿ 12.3. ಫೈರ್‌ವಾಲ್ ತೂತಿನ ಒಳಗಡೆ 12.2. ಹೊರಗಡೆ 6. ಈ ಒಂದು ಗೇಣಿನಲ್ಲೇ ಇದೆ ದೋಷ. ಇದನ್ನ ನಿಮ್ಮ ಬಲ್ಬು ಹೇಳ್ತಿತ್ತಾ?

ಮೇಸ್ತ್ರಿ: ಹೇಳ್ತಿತ್ತು, ಆದ್ರೆ ಕತ್ತಲಾಗ್ತಿತ್ತು.

ಆ ಒಂದು ಗೇಣನ್ನು ನಾನೂ ಹತ್ತಿರದಿಂದ ನೋಡಿದೆ. ಕರಿ ಟೇಪು ಸುತ್ತಿದ ಗಂಟು. ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಜಿಗುಟಾಗಿತ್ತು. ಬಿಚ್ಚಿದರೆ ಒಳಗೆ ತಾಮ್ರ ಇರಲಿಲ್ಲ, ಕಿಲುಬು ಇತ್ತು. ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಹಂಡೆಯ ಅಡಿಯಲ್ಲಿ ಕೂರುತ್ತಿತ್ತಲ್ಲ, ಅದೇ ಹಸಿರು ಪುಡಿ. ಉಗುರು ತಾಗಿಸಿದರೆ ಉದುರಿತು. ನಾಲ್ಕೈದು ಎಳೆ ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು. ಗಂಟಿನಿಂದ ಇನ್ನೊಂದು ವೈರು ಕವಲೊಡೆದು ಮುಂದಕ್ಕೆ, ಬಂಪರಿನ ಕಡೆಗೆ ಹೋಗಿತ್ತು.

ಹುಡುಗ: ಇದೆಂತ ಹೆಚ್ಚಿಗೆ ವೈರು?

ಫಾಗ್ ಲ್ಯಾಂಪಿನದು. ಹೋದ ಮಳೆಗಾಲಕ್ಕೆ ಮುಂಚೆ ನಾನೇ ಹಾಕಿಸಿದ್ದೆ.

ಹುಡುಗ: ಏರಲ್ಲಿ ನಿಂತಾಗೆಲ್ಲ ಫಾಗ್ ಲ್ಯಾಂಪ್ ಆನ್ ಇತ್ತಾ?

ನೆನಪು ಮಾಡಿಕೊಂಡೆ. ಕೊಟ್ಟಿಗೆಹಾರದ ಹತ್ತಿರ ಮಂಜು ಕವಿದು ಎದುರಿನ ಬಸ್ಸೂ ಕಾಣದಾಗ ಹಾಕುತ್ತಿದ್ದೆ. ಬಾಳೂರಿನ ಹತ್ತಿರವೂ ಅವತ್ತು ಮಂಜಿತ್ತು. ಗಾಡಿ ನಿಂತ ಮೇಲೆ ಬ್ಯಾಟರಿ ಇಳಿದೀತೆಂದು ಎಲ್ಲಾ ಲೈಟು ಆರಿಸಿ ಕೂರುತ್ತಿದ್ದೆ.

ಹುಡುಗ: ಸಿಕ್ತಲ್ಲ! 55 ವಾಟಿನ ಎರಡು ಬಲ್ಬು, ಅಂದ್ರೆ 9 ಆಂಪಿಯರ್ ಆಸುಪಾಸು. ಅಷ್ಟೂ ಈ ನಾಲ್ಕು ಎಳೆ ಮೇಲೆ. ಸೊಲೆನಾಯ್ಡಿಗೆ ಉಳಿದಿದ್ದು ಚಿಲ್ಲರೆ. ಮೊಳೆ ಬಿಟ್ಟುಕೊಳ್ತು, ಇಂಜಿನ್ ಟಪ್ ಅಂತು. ಗಾಡಿ ಮತ್ತೆ ಹೊರಡ್ತಿದ್ದಿದ್ದು ಹತ್ತು ನಿಮಿಷ ಬಿಟ್ಟಿದ್ದಕ್ಕಲ್ಲ, ನೀವು ಲೈಟ್ ಆರಿಸಿದ್ದಕ್ಕೆ. ಬೆಳಿಗ್ಗೆ ತೇವಕ್ಕೆ ಕಿಲುಬು ಇನ್ನೂ ಜಾಸ್ತಿ ಅಡ್ಡ ಬರುತ್ತೆ, ಸೆಲ್ಫ್ ಹೊಡೆಯೋವಾಗ ಬ್ಯಾಟರಿನೂ ಇಳಿದಿರುತ್ತೆ. ಮೊಳೆ ಹಿಡ್ಕೊಂಡಿರೋದಕ್ಕಿಂತ ಮೊದಲ ಸಲ ಎಳೆಯೋಕೆ ಜಾಸ್ತಿ ಶಕ್ತಿ ಬೇಕು.

ಮೇಸ್ತ್ರಿ: ಪಂಪ್ ಮಾಡಿಸಿದ್ಮೇಲೆ ಹದಿನೈದು ದಿನ ಓಡಿತಲ್ಲ, ಅದಕ್ಕೇನಂತೀಯ?

ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಪಂಪಿನ ಸುತ್ತ ಟಾರ್ಚ್ ಆಡಿಸಿದ.

ಹುಡುಗ: ಪಂಪ್ ಇಳಿಸೋಕೆ ಈ ವೈರಿನ ಕಟ್ಟನ್ನೇ ಪಕ್ಕಕ್ಕೆ ಎಳೆದಿದಾರೆ. ಹೊಸ ಟೈ ಹಾಕಿದ ಗುರುತು ನೋಡಿ. ಆ ಎಳೆತಕ್ಕೆ ಗಂಟಿನೊಳಗಿನ ಎಳೆಗಳು ಒಂದಕ್ಕೊಂದು ಉಜ್ಜಿ ಕೂತ್ಕೊಂಡ್ವು. ಹದಿನೈದು ದಿನದ ಮಳೆಗೆ ಮತ್ತೆ ಕಿಲುಬು.

ಆ ಹದಿನೈದು ದಿನ ಪಂಪ್ ರಿಪೇರಿಯೇ ಫಲ ಕೊಟ್ಟಿತೆಂದು ನಾನು ಊರಿಗೆಲ್ಲ ಹೇಳಿದ್ದೆ. ತಪ್ಪು ಮದ್ದಿಗೂ ಒಮ್ಮೊಮ್ಮೆ ರೋಗ ಅಷ್ಟು ದಿನ ತಗ್ಗುತ್ತದೆ.

ಇನ್ನು ಏನು ಮಾಡಬೇಕು ಎಂಬಲ್ಲಿಗೆ ಬಂದಾಗ ನಿಜವಾದ ಜಗಳ ಶುರುವಾಯಿತು.

ಮೇಸ್ತ್ರಿ: ಬ್ಯಾಟರಿಯಿಂದ ಸೊಲೆನಾಯ್ಡಿಗೆ ಒಂದು ಡೈರೆಕ್ಟ್ ವೈರ್ ಎಳಿ, ಒಳಗೊಂದು ಸ್ವಿಚ್ ಕೊಡು. ಹತ್ತು ನಿಮಿಷದ ಕೆಲಸ.

ಹುಡುಗ: ಅದೊಂದು ಬೇಡ. ಫ್ಯೂಸಿಲ್ಲದ ವೈರು ಎಲ್ಲಾದ್ರೂ ಉಜ್ಜಿ ಬಾಡಿಗೆ ತಾಗಿದ್ರೆ ಗಾಡಿ ಹೊತ್ಕೊಂಡು ಉರಿಯುತ್ತೆ. ಕೀ ತೆಗೆದ್ರೂ ಇಂಜಿನ್ ನಿಲ್ಲಲ್ಲ. ಫಾಗ್ ಲ್ಯಾಂಪಿಗೆ ಬೇರೆ ರಿಲೇ, ಬೇರೆ ಫ್ಯೂಸ್ ಕೊಟ್ಟು ನೇರ ಬ್ಯಾಟರಿಯಿಂದ ತರ್ತೀನಿ. ಈ ಗಂಟು ಕತ್ತರಿಸಿ, ಹೊಸ ವೈರು ಬೆಸುಗೆ ಹಾಕಿ, ಸ್ಲೀವ್ ಏರಿಸ್ತೀನಿ. ಇಂಜಿನ್ನಿಂದ ಚಾಸಿಗೆ ಬರೋ ಅರ್ಥಿಂಗ್ ಪಟ್ಟಿನೂ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಕಟ್ತೀನಿ.

ಮೇಸ್ತ್ರಿ: ಅರ್ಥಿಂಗ್ ಮಾಡು, ಅದು ಒಳ್ಳೇದು. ಒಂದ್ಸಲ ಒಂದು ಜೀಪಿನ ಅರ್ಥಿಂಗ್ ಪಟ್ಟಿ ತುಂಡಾಗಿತ್ತು, ಸೆಲ್ಫ್ ಹೊಡೆದ್ರೆ ಆಕ್ಸಲರೇಟರ್ ಕೇಬಲ್ಲಿಂದ ಹೊಗೆ! ಕರೆಂಟು ವಾಪಸ್ ಹೋಗೋಕೆ ಬೇರೆ ದಾರಿ ಇಲ್ದೆ ಆ ಕೇಬಲಲ್ಲಿ ಹರೀತಿತ್ತು. ಆದ್ರೆ ರಿಲೇ ಎಲ್ಲಿಂದ ತರ್ತೀಯ?

ಹುಡುಗ: ಮೂಡಿಗೆರೆಯಿಂದ. ನಾಳೆ.

ಮೇಸ್ತ್ರಿ: ಇವತ್ತು ರಾತ್ರಿ ಲೈನ್ ಮನೇಲಿ ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ? ಮರ ಬಿದ್ದು ಆಂಬುಲೆನ್ಸ್ ಬರದೇ ಹೋದ್ರೆ? ನೀನು ಸರ್ವಿಸ್ ಸ್ಟೇಷನ್ನಲ್ಲಿ ಕಲಿತಿದ್ದು ಮಗಾ, ಅಲ್ಲಿ ಗಾಡಿ ಒಳಗೆ ಬಂದು ನಿಲ್ಲುತ್ತೆ, ಕಾಯುತ್ತೆ. ನಾನು ರಸ್ತೇಲಿ ಕಲಿತಿದ್ದು. ಅಲ್ಲಿ ಗಾಡಿ ಮನೆ ಮುಟ್ಟಿಸೋದೇ ರಿಪೇರಿ. ಚಾರ್ಮಾಡಿಲಿ ಪೆಟ್ರೋಲ್ ಜೀಪಿನ ಪಂಪು ಕಾದು, ಪೆಟ್ರೋಲ್ ಆವಿಯಾಗಿ ನಿಂತಾಗ ಒದ್ದೆ ಬಟ್ಟೆ ಸುತ್ತಿ ಹತ್ತಿಸ್ತಿದ್ವಿ. ಯಾವ ಪುಸ್ತಕದ್ದಪ್ಪ ಅದು?

ಹುಡುಗ: ಅದನ್ನ ಬೇಡ ಅನ್ನಲ್ಲ ಮೇಸ್ತ್ರಿ. ಆದ್ರೆ ಮನೆ ಮುಟ್ಟಿದ ಮೇಲೆ ಆ ಡೈರೆಕ್ಟ್ ವೈರ್ ಯಾರು ತೆಗೀತಾರೆ? ನಾನು ನೋಡಿದ ಗಾಡಿಗಳಲ್ಲಿ ಯಾರೂ ತೆಗೆದಿಲ್ಲ. ಈ ಫಾಗ್ ಲ್ಯಾಂಪ್ ಗಂಟೂ ಯಾರೋ ‘ಸದ್ಯಕ್ಕೆ’ ಅಂತ ಹಾಕಿದ್ದೇ. ಇವರ ಹದಿನೆಂಟು ಸಾವಿರ ಹೋಗಿದ್ದು ಆ ಸದ್ಯಕ್ಕೇ.

ಮೇಸ್ತ್ರಿ ಉತ್ತರ ಕೊಡಲಿಲ್ಲ. ಮಳೆ ನೋಡುತ್ತಾ ನಿಂತರು. ನನಗೆ ಇಬ್ಬರ ಮಾತೂ ತಾಗಿತು. ಆರು ತಿಂಗಳು ಮಳೆ, ಮಂಜು, ಜಾರುವ ರಸ್ತೆ ಇರುವ ಊರಿನಲ್ಲಿ ಇವತ್ತು ರಾತ್ರಿ ಎಂಬುದನ್ನು ಯಾರೂ ತಳ್ಳಿಹಾಕಲಾರರು. ಅದೇ ಮಳೆ ಅವಸರದ ಪ್ರತಿ ಗಂಟಿನೊಳಗೂ ಇಳಿಯುತ್ತದೆ ಎಂಬುದೂ ಸುಳ್ಳಲ್ಲ.

ಹುಡುಗ: ನೋಡಿ, ಫಾಗ್ ಲ್ಯಾಂಪಿನ ಕವಲು ಈಗ್ಲೇ ಕತ್ತರಿಸ್ತೀನಿ. ಬೆಸುಗೆ ಇವತ್ತೇ ಆಗುತ್ತೆ, ಗಾಡಿ ಇವತ್ತೇ ಓಡುತ್ತೆ. ಲ್ಯಾಂಪ್ ಮಾತ್ರ ನಾಳೆ. ಇವತ್ತೊಂದಿನ ಮಂಜಲ್ಲಿ ನಿಧಾನಕ್ಕೆ ಓಡಿಸಬೇಕು.

ಮೇಸ್ತ್ರಿ: ಹಂಗೆ ಮಾತಾಡು. ಆದ್ರೂ ಸೀಟಿನ ಕೆಳಗೆ ಎರಡು ಮಾರು ವೈರು ಇರ್ಲಿ.

ಬೆಸುಗೆ ಹಾಕುವಾಗ ಮಾತು ಬೇರೆ ಕಡೆ ಹರಿಯಿತು. ಹದಿನೈದು ವರ್ಷ ದಾಟಿದ ಈ ಗಾಡಿಗೆ ವರ್ಷ ವರ್ಷ ಎಫ್‌ಸಿ. 2022ರ ಏಪ್ರಿಲ್‌ನಿಂದ ಅದರ ಶುಲ್ಕವೂ ಏರಿದೆ. ಮಾರಿ ಹೊಸದು ತಗೊಳ್ಳಿ ಎಂದು ಮಗ ಹೇಳುತ್ತಾನೆ.

ಹುಡುಗ: ಹೊಸ ಗಾಡಿ ಕೆಟ್ಟದ್ದೇನಲ್ಲ. ಬಿಎಸ್ 6 ಬಂದ ಮೇಲೆ ಹೊಗೆ ಎಷ್ಟೋ ಕಮ್ಮಿ. ಎಲ್ಲಿ ತೊಂದರೆ ಅಂತ ಸ್ಕ್ಯಾನರ್ ಹಾಕಿದ್ರೆ ಹೇಳುತ್ತೆ.

ಮೇಸ್ತ್ರಿ: ಯಾಕೆ ಅಂತ ಹೇಳುತ್ತಾ?

ಹುಡುಗ: ಇಲ್ಲ. ಡೀಸೆಲ್ ರೈಲ್ ಪ್ರೆಷರ್ ಕಮ್ಮಿ ಅನ್ನುತ್ತೆ. ಅದು ಫಿಲ್ಟರಿಗಾ, ಪಂಪಿಗಾ, ಸೆನ್ಸರಿನ ವೈರಿಗಾ ಅಂತ ನಾವೇ ಹುಡುಕ್ಬೇಕು.

ಮೇಸ್ತ್ರಿ: ಅಂದ್ರೆ ಊರಿನ ಹೆಸರು ಹೇಳುತ್ತೆ, ಮನೆ ತೋರಿಸಲ್ಲ. ಹಂಗಿದ್ರೆ ಅಲ್ಲೂ ಸುಮ್ಮನೆ ಪಂಪ್ ಬದಲಾಯಿಸೋರು ಇರ್ತಾರೆ.

ಹುಡುಗ: ಇದ್ದಾರೆ. ಅಲ್ಲಿ ಬಿಲ್ಲು ಹದಿನೆಂಟು ಸಾವಿರಕ್ಕೆ ನಿಲ್ಲಲ್ಲ.

ಬೆಸುಗೆ ಮುಗಿಯಿತು. ವೈರಿನ ತುದಿಯಲ್ಲಿ ಬಲ್ಬು ಬೆಳ್ಳಗೆ ಉರಿಯಿತು, ಮೀಟರ್ 12.2 ಎಂದಿತು. ಸೊಲೆನಾಯ್ಡ್ ಕಟ್ಟಿ ಕೀ ತಿರುಗಿಸಿದರೆ ಮಳೆಯ ಸದ್ದಿನಲ್ಲೂ ಟಿಕ್ ಕೇಳಿತು. ಸೆಲ್ಫ್ ಹೊಡೆದೆ. ಐದಾರು ಸೆಕೆಂಡ್ ತಿರುಗಿದ ಮೇಲೆ ಇಂಜಿನ್ ಹಿಡಿಯಿತು. ನನಗೆ ಸಂತೋಷ. ಅವರಿಬ್ಬರ ಮುಖದಲ್ಲಿ ಸಂತೋಷ ಕಾಣಲಿಲ್ಲ.

ಮೇಸ್ತ್ರಿ: ಜಾಸ್ತಿ ಹೊತ್ತು ತಿರುಗ್ತು. ಒಂದೆರಡು ಸುತ್ತಿಗೆ ಹಿಡೀಬೇಕಿತ್ತು.

ಹುಡುಗ: ಹೌದು.

ಮೇಸ್ತ್ರಿ: ಪಂಪೂ ಸವೆದಿದೆ ಮಗಾ. ಒಂದು ಗಾಡಿಗೆ ಒಂದೇ ಕಾಯಿಲೆ ಅಂತ ಯಾರು ಹೇಳಿದ್ದು?

ಹುಡುಗ: ಈಗ ತಾನೇ ಕ್ಯಾಲಿಬ್ರೇಷನ್ ಆಗಿ ಬಂದ ಪಂಪು ಮೇಸ್ತ್ರಿ. ನನಗೆ ಟ್ಯಾಂಕಿಂದ ಬರೋ ಲೈನಲ್ಲಿ ಏರ್ ಎಳೀತಿದೆ ಅನ್ಸುತ್ತೆ. ಪಂಪ್ ಕೂರಿಸೋವಾಗ ಹಳೇ ವಾಷರ್ರೇ ಹಾಕಿರ್ತಾರೆ. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತೆ.

ಮೇಸ್ತ್ರಿ: ಅನ್ಸುತ್ತೆ ಅಂದ್ಯಾ?

ಹುಡುಗ: ಅಂದೆ. ನೋಡೇ ಬಿಡೋಣ. ಇವತ್ತು ರಾತ್ರಿ ಗಾಡಿನ ಏರಿಗೆ ಮುಖ ಮಾಡಿ ನಿಲ್ಸಿ. ಟ್ಯಾಂಕ್ ಕೆಳಗೆ, ಇಂಜಿನ್ ಮೇಲೆ. ಬೆಳಿಗ್ಗೆ ಇನ್ನೂ ಜಾಸ್ತಿ ಹೊತ್ತು ತಗೊಂಡ್ರೆ ಏರ್. ನಾಳಿದ್ದು ಇಳಿಜಾರಿಗೆ ಮುಖ ಮಾಡಿ ನೋಡೋಣ, ಎರಡು ದಿನಾನೂ ಒಂದೇ ಥರ ಇದ್ರೆ ನಿಮ್ಮ ಪಂಪು.

ಮೇಸ್ತ್ರಿ: ನಲವತ್ತು ವರ್ಷದಲ್ಲಿ ನಾನು ಯಾವ ಗಾಡಿನೂ ಏರಿಗೆ ಮುಖ ಮಾಡಿ ನಿಲ್ಸಿಲ್ಲ.

ಹಾಗೆ ಹೇಳಿದವರು ತಾವೇ ಹಿಂದಕ್ಕೆ ಹೋಗಿ ನಿಂತು, ‘ಬರ್ಲಿ, ಬರ್ಲಿ, ಎಡಕ್ಕೆ ಹೊಡಿ’ ಎಂದು ಕೈ ಬೀಸತೊಡಗಿದರು. ಕಣದ ಮೇಲಿನ ದಾರಿಯಲ್ಲಿ ಪಿಕಪ್ಪಿನ ಮೂತಿ ಗುಡ್ಡದ ಕಡೆ ತಿರುಗಿತು. ಹುಡುಗ ಹಿಂದಿನ ಎರಡು ಚಕ್ರಕ್ಕೂ ಕಲ್ಲು ಕೊಟ್ಟ. ಬೆಳಿಗ್ಗೆ ಆರಕ್ಕೆ ಇಬ್ಬರೂ ಬರುತ್ತೇವೆಂದರು. ತಾವು ಬರುವ ತನಕ ಯಾರೂ ಕೀ ಮುಟ್ಟಬಾರದು ಎಂದು ಮೇಸ್ತ್ರಿ ಎರಡು ಸಲ ಹೇಳಿಹೋದರು.